16ನೇ ನಂಬರಿನ ಗಾಳಕ್ಕೆ ಯಾವ ದಾರ? ಯುಟಿಸಿ 70, ಯೂನಿ 8/0, ನ್ಯಾನೋ ಸಿಲ್ಕ್ 18/0

ಟ್ರೌಟ್ ಮೀನಿಗಾಗಿ ಸಣ್ಣ ಫ್ಲೈ (ಗಾಳಕ್ಕೆ ಗರಿ, ದಾರ ಸುತ್ತಿ ಮಾಡಿದ ಹುಳುವಿನಂಥ ಕೃತಕ ಎರೆ) ಕಟ್ಟಲು ಒಂದೇ ದಾರ ಕೊಳ್ಳುವುದಿದ್ದರೆ ವ್ಯಾಪ್ಸಿ ಕಂಪನಿಯ ಯುಟಿಸಿ ಅಲ್ಟ್ರಾ ಥ್ರೆಡ್, 70 ಡೀನಿಯರ್, ಕೊಳ್ಳಿ. ಇಲ್ಲಿ ಹೋಲಿಸಿರುವ ಮೂರರಲ್ಲಿ ಅತಿ ಗಟ್ಟಿ ದಾರ ಇದಲ್ಲ. ಆದರೂ 14ರಿಂದ 18ನೇ ನಂಬರಿನ ಗಾಳದ ಮೇಲೆ (ನಂಬರ್ ಹೆಚ್ಚಿದಷ್ಟೂ ಗಾಳ ಸಣ್ಣ) ನಾಜೂಕು ಕೆಡದಂತೆ ಬಾಳಿಕೆ ಕೊಡುವುದರಲ್ಲಿ ಇದೇ ಮುಂದು. ಫ್ಲೈ ಬಿಚ್ಚಿಕೊಂಡೀತೆಂಬ ಭಯಕ್ಕೆ ಸುತ್ತಿನ ಮೇಲೆ ಸುತ್ತು ಹಾಕುವವರೇ ಹೆಚ್ಚು. ಹಾಗೆ ಮಾಡಿದರೆ ತಲೆ ಉಬ್ಬುತ್ತದೆ, ಗಾಳದ ಕಣ್ಣು ಮುಚ್ಚಿಹೋಗುತ್ತದೆ, ನೀರಿನ ಮೇಲೆ ತೇಲಬೇಕಾದ ಡ್ರೈ ಫ್ಲೈ ಭಾರವಾಗಿ ಮುಂದಕ್ಕೆ ಮುಗ್ಗರಿಸಿ ತೇಲುತ್ತದೆ. ಬಿಗಿಯಾಗಿ ಎಳೆದ ನಾಲ್ಕು ಸುತ್ತು ಸಡಿಲವಾದ ಹತ್ತಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ದಾರವನ್ನು ಅಳೆಯಬೇಕಾದ್ದು ಎಷ್ಟು ಕಡಿಮೆ ಸುತ್ತಿನಲ್ಲಿ ಕೆಲಸ ಮುಗಿಸುತ್ತದೆ ಎಂಬುದರಿಂದ.

ಲೇಬಲ್ ಮೇಲಿನ 6/0, 8/0, 18/0 ಎಂಬ ಅಂಕಿಗಳನ್ನು ನೆಚ್ಚಬೇಡಿ. 8/0 ಎಂದರೆ ಎಂಟು ಸೊನ್ನೆ; ಸೊನ್ನೆ ಹೆಚ್ಚಿದಷ್ಟೂ ದಾರ ಸಣ್ಣ ಎಂಬುದು ಒಂದೇ ಕಂಪನಿಯ ದಾರಗಳ ನಡುವೆ ಮಾತ್ರ ನಿಜ. ಒಬ್ಬರ 8/0 ಇನ್ನೊಬ್ಬರ 8/0 ಅಲ್ಲ. ಡೀನಿಯರ್ ನಂಬಬಹುದು: 9000 ಮೀಟರ್ ದಾರದ ತೂಕ ಎಷ್ಟು ಗ್ರಾಂ ಎಂಬುದೇ ಅದರ ಡೀನಿಯರ್. ಯೂನಿ 8/0 ಸುಮಾರು 72 ಡೀನಿಯರ್, ಅಂದರೆ ಯುಟಿಸಿ 70ಕ್ಕೆ ಹೆಚ್ಚುಕಡಿಮೆ ಸಮ. ಆದರೂ ಕೈಯಲ್ಲಿ ಎರಡೂ ಬೇರೆಯೇ.

ಯುಟಿಸಿ ನೈಲಾನ್ ದಾರ, ಹುರಿ ತೀರಾ ಕಡಿಮೆ. ಬಾಬಿನ್ನನ್ನು (ದಾರದ ಉಂಡೆ ಹಿಡಿಯುವ ಸಾಧನ) ಮೇಲಿನಿಂದ ನೋಡಿದಂತೆ ಎಡಕ್ಕೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿಬಿಟ್ಟರೆ ಎಳೆಗಳು ಬಿಡಿಸಿಕೊಂಡು ದಾರ ಪಟ್ಟಿಯಂತೆ ಚಪ್ಪಟೆಯಾಗುತ್ತದೆ. ಬಲಕ್ಕೆ ತಿರುಗಿಸಿದರೆ ಹುರಿಗೊಂಡು ದುಂಡಗಾಗುತ್ತದೆ. ಒಂದೇ ಉಂಡೆಯಲ್ಲಿ ಎರಡು ದಾರ ಸಿಕ್ಕಂತೆ! ಮೈ ಕಟ್ಟುವಾಗ ಚಪ್ಪಟೆ ಇರಲಿ, ದಪ್ಪ ಸೇರುವುದಿಲ್ಲ. ರೆಕ್ಕೆ, ಬಾಲ ಬಿಗಿಯುವಾಗ ಹುರಿ ಹಾಕಿ. ಬಲಗೈಯಲ್ಲಿ ಕಟ್ಟುವವರಿಗೆ ಪ್ರತಿ ಸುತ್ತಿಗೂ ಒಂದು ಹುರಿ ತಾನಾಗಿ ಸೇರುತ್ತದೆ, ಆದ್ದರಿಂದ ಎಂಟು-ಹತ್ತು ಸುತ್ತಿಗೊಮ್ಮೆ ಬಿಡಿಸುತ್ತಿರಬೇಕು. ನೈಲಾನ್ ಸ್ವಲ್ಪ ಹಿಗ್ಗುತ್ತದೆ. ಹಿಗ್ಗಿಸಿ ಸುತ್ತಿದಾಗ ಕುಗ್ಗಲು ನೋಡುತ್ತಾ ಒಳಗಿನ ಗರಿಯನ್ನು ಅದುಮಿ ಹಿಡಿಯುತ್ತದೆ. ಇದೇ ಅದರ ದೊಡ್ಡ ಗುಣ. ದೋಷವೂ ಇದೆ: ಚಪ್ಪಟೆಯಾಗಿದ್ದಾಗ ಗಾಳದ ಮೊನೆ ತಾಕಿದರೆ ಕೆಲವು ಎಳೆ ಕತ್ತರಿಸಿ ಜುಂಗು ಏಳುತ್ತದೆ. ಜುಂಗು ಕಂಡರೆ ಅಷ್ಟು ಉದ್ದ ಬಿಚ್ಚಿ ತೆಗೆಯಿರಿ. ಅದರ ಮೇಲೆಯೇ ಮುಂದುವರಿಸಿದರೆ ಗಂಟು ಹಾಕುವ ಹೊತ್ತಿಗೆ ತುಂಡಾಗುತ್ತದೆ.

ಯೂನಿ 8/0 ಪಾಲಿಯೆಸ್ಟರ್. ಮೇಣ ಹಚ್ಚಿ ಬರುತ್ತದೆ, ದುಂಡಗಿದೆ, ಜಾರುವುದಿಲ್ಲ, ಹಿಗ್ಗುವುದೂ ಕಡಿಮೆ. ನೀರು ಹೀರುವುದು ನೈಲಾನ್‌ಗಿಂತ ಕಡಿಮೆ. ಡಬ್ಬಿಂಗ್ (ಮೈಗೆ ಸುತ್ತುವ ನವಿರು ತುಪ್ಪಟ) ಅಂಟಿಸುವವರಿಗೆ, ಹೊಸದಾಗಿ ಕಲಿಯುವವರಿಗೆ ಇದು ಹಿತ. ಚಪ್ಪಟೆಯಾಗದ ಕಾರಣ 18ಕ್ಕಿಂತ ಸಣ್ಣ ಗಾಳದಲ್ಲಿ ತಲೆ ದಪ್ಪವಾಗುತ್ತದೆ.

ಸೆಂಪರ್‌ಫ್ಲೈ ನ್ಯಾನೋ ಸಿಲ್ಕ್ 18/0 ಬರೀ 30 ಡೀನಿಯರ್. ಹೆಸರಿನಲ್ಲಿ ರೇಷ್ಮೆ ಇದ್ದರೂ ಇದು ಜೆಲ್-ಸ್ಪನ್ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಎಳೆ. ಅದರ ತೆಳುವಿಗೆ ಈ ಗಟ್ಟಿತನ ಉಳಿದ ಎರಡು ದಾರದಲ್ಲಿಲ್ಲ. ತೊಂದರೆ ಶುರುವಾಗುವುದು ಅಲ್ಲೇ. ಹಿಗ್ಗದ, ತೆಳ್ಳಗಿನ, ತುಂಡಾಗದ ದಾರವನ್ನು ಅಭ್ಯಾಸದಂತೆ ಎಳೆದರೆ ಫೋಮ್ ಸೀಳುತ್ತದೆ, ಹ್ಯಾಕಲ್ (ಫ್ಲೈಗೆ ಸುತ್ತುವ ಹುಂಜದ ಗರಿ) ಗರಿಯ ದೇಟು ಕತ್ತರಿಸುತ್ತದೆ, ಸಣ್ಣ ಗಾಳ ಅದನ್ನು ಹಿಡಿದಿಡುವ ವೈಸ್‌ನಲ್ಲೇ ಬಾಗುತ್ತದೆ. ಮೇಲ್ಮೈ ನುಣುಪಾದ್ದರಿಂದ ಮೊದಲ ಸುತ್ತುಗಳು ಗಾಳದ ಮೇಲೆ ಜಾರಿ ತಿರುಗುತ್ತವೆ. ಮೇಣ ಸವರಿಯೇ ಶುರು ಮಾಡಬೇಕು. ಮೊಂಡು ಕತ್ತರಿಗೆ ಜಗ್ಗುವುದೇ ಇಲ್ಲ. ಜಿಂಕೆ ಕೂದಲನ್ನು ಬಿಗಿದು ಅರಳಿಸುವ ಕೆಲಸಕ್ಕೆ, 20ರ ಆಚೆಯ ಪುಟಾಣಿ ಗಾಳಕ್ಕೆ ಇಟ್ಟುಕೊಳ್ಳಿ. ದಿನನಿತ್ಯದ ದಾರವಾಗಿ ಬೇಡ.

ಮೂರನ್ನೂ ಒರೆಗೆ ಹಚ್ಚಲು ಪ್ಯಾರಾಶೂಟ್ ಆಡಮ್ಸ್‌ಗಿಂತ ಒಳ್ಳೆಯ ಫ್ಲೈ ಇಲ್ಲ. 1922ರಲ್ಲಿ ಮಿಷಿಗನ್‌ನಲ್ಲಿ ಲೆನರ್ಡ್ ಹ್ಯಾಲಡೇ ಕಟ್ಟಿದ ಆಡಮ್ಸ್‌ನ ನಂತರದ ರೂಪ ಇದು. ಹ್ಯಾಕಲ್ ಸುತ್ತುವುದು ನಿಂತ ರೆಕ್ಕೆಯ ಬುಡಕ್ಕೆ, ಹಾಗಾಗಿ ಇದರ ಪ್ರಾಣ ಇರುವುದೂ ಅಲ್ಲೇ. ಗಾಳದ ಕಣ್ಣಿನ ಹಿಂದೆ ಒಂದು ಕಣ್ಣಿನಷ್ಟು ಜಾಗ ಖಾಲಿ ಬಿಡಿ. ರೆಕ್ಕೆಗಾಗಿ ಪಾಲಿ ನೂಲನ್ನು (ಕೃತಕ ನೂಲು) ನಾಲ್ಕು ಹುರಿ ಸುತ್ತಿನಲ್ಲಿ ಕಟ್ಟಿ ಎತ್ತಿ ನಿಲ್ಲಿಸಿ. ಬುಡದ ಸುತ್ತ ಮೇಲಕ್ಕೆ ಐದು, ಕೆಳಕ್ಕೆ ಐದು ಸುತ್ತು. ಸೂಜಿ ಮೊನೆಯಿಂದ ಸೂಪರ್ ಗ್ಲೂ ಒಂದು ಚುಕ್ಕೆ. ಗ್ರಿಜ್ಲಿ (ಕಪ್ಪು-ಬಿಳಿ ಪಟ್ಟೆಯ) ಹ್ಯಾಕಲ್‌ನ ದೇಟನ್ನು 3 ಮಿಲಿಮೀಟರ್ ಬೋಳು ಮಾಡಿ, ಆ ಭಾಗವನ್ನು ರೆಕ್ಕೆಯ ಬುಡಕ್ಕೇ ನೆಟ್ಟಗೆ ಒರಗಿಸಿ ಕಟ್ಟಿ. ಮಲಗಿಸಿ ಕಟ್ಟಿದ ದೇಟು ಮೊದಲ ಸುತ್ತಿನಲ್ಲೇ ಮಡಚಿ ಬಿರಿಯುತ್ತದೆ. ಬ್ರೌನ್ ಟ್ರೌಟ್‌ನ ಹಲ್ಲು ತಾಕಿದಾಗ ಹ್ಯಾಕಲ್ ಪೂರ್ತಿ ಬಿಚ್ಚಿಬರುವುದು ಆ ಬಿರುಕಿನಿಂದ. ನಾಟಿ ಹುಂಜದ ಕತ್ತಿನ ಗರಿ ಬಳಸುವವರು ಇನ್ನೂ ಎಚ್ಚರವಾಗಿರಬೇಕು: ಅದರ ದೇಟು ಬುಡದಲ್ಲಿ ದಪ್ಪ, ಒಣಗಿದ್ದರೆ ಪೆಡಸು. ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಬಾಗುತ್ತದೆ. ಹ್ಯಾಕಲ್ ಅನ್ನು ಮೇಲಿನಿಂದ ಕೆಳಕ್ಕೆ ಸುತ್ತಿ, ಪ್ರತಿ ಸುತ್ತೂ ಹಿಂದಿನದರ ಅಡಿಗೆ ಬರಲಿ. ನಾಲ್ಕೇ ಸುತ್ತು ಸಾಕು.

ನೀರಿನೊಳಗಿನ ಎಳೆಯ ಹುಳುವನ್ನು ಹೋಲುವ ನಿಂಫ್‌ಗಳಲ್ಲಿ ಸೋಲುವುದು ದಾರವಲ್ಲ, ಮೇಲೆ ಸುತ್ತಿದ ಗರಿ. ನವಿಲುಗರಿಯ ಒಂದು ಎಳೆಯನ್ನು ಹಾಗೇ ಸುತ್ತಿದರೆ ಎರಡನೇ ಮೀನಿಗೆ ಹರಿದರೂ ಆಶ್ಚರ್ಯವಿಲ್ಲ. ಮೂರು ಎಳೆಯನ್ನು ದಾರದ ಜೊತೆ ಹಗ್ಗದಂತೆ ಹೊಸೆದು ಸುತ್ತಿ. ಹೊಸೆಯಲು ಯುಟಿಸಿಯೇ ಸರಿ, ನ್ಯಾನೋ ಸಿಲ್ಕ್ ಎಳೆಯನ್ನು ಕೊಯ್ಯುತ್ತದೆ. ಫೆಸೆಂಟ್ ಹಕ್ಕಿಯ ಬಾಲದ ಗರಿಯಾದರೆ, ಗರಿ ಸುತ್ತಿದ ದಿಕ್ಕಿಗೆ ಎದುರಾಗಿ ಸಣ್ಣ ತಾಮ್ರದ ತಂತಿಯನ್ನು ಐದು ಸುತ್ತು ಹಾಯಿಸಿ. ತಂತಿ ಪ್ರತಿ ಎಳೆಯನ್ನೂ ಅಡ್ಡ ದಾಟುವುದರಿಂದ ಒಂದು ಎಳೆ ಹರಿದರೂ ಉಳಿದದ್ದು ನಿಲ್ಲುತ್ತದೆ. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ತನ್ನ ಫೆಸೆಂಟ್ ಟೇಲ್ ನಿಂಫ್‌ನಲ್ಲಿ ದಾರವನ್ನೇ ಬಿಟ್ಟು, ತಾಮ್ರದ ತಂತಿಯಿಂದಲೇ ಕಟ್ಟಿದ್ದ. ತೂಕವೂ ಅದೇ, ಹಿಡಿತವೂ ಅದೇ.

ಕೊನೆಯ ಗಂಟಿಗೆ ಅಂಟು ಹಾಕುವುದರಲ್ಲೇ ಬಹಳ ಫ್ಲೈ ಹಾಳಾಗುತ್ತವೆ. ತಲೆಯ ಮೇಲೆ ಹನಿ ಬಿಡಬೇಡಿ, ಅದು ಹ್ಯಾಕಲ್‌ಗೆ ಹರಿದು ಎಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಗಾಳದ ಹತ್ತಿರದ ಒಂದು ಸೆಂಟಿಮೀಟರ್ ದಾರಕ್ಕೆ ಬ್ರಷ್‌ನಿಂದ ಸೂಪರ್ ಗ್ಲೂ ತೆಳ್ಳಗೆ ಸವರಿ, ತಕ್ಷಣ ನಾಲ್ಕು ಸುತ್ತಿನ ವಿಪ್ ಫಿನಿಶ್ (ತಲೆಯ ಕೊನೆಯ ಗಂಟು) ಹಾಕಿ ಎಳೆಯಿರಿ; ತಡ ಮಾಡಿದರೆ ಗಂಟು ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಚುರುಕಾಗಬೇಕು: ತೇವದ ಗಾಳಿಯಲ್ಲಿ ಈ ಅಂಟು ಬೇಗ ಗಟ್ಟಿಯಾಗುತ್ತದೆ, ಹೆಚ್ಚಾದರೆ ಸುತ್ತಲೂ ಬಿಳಿ ಬೂದಿ ಕಟ್ಟುತ್ತದೆ. ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ಯುವಿ ರೆಸಿನ್ ನಿಂಫ್‌ನ ಬೆನ್ನಿಗೆ ಇರಲಿ, ಡ್ರೈ ಫ್ಲೈಗೆ ಅದರ ತೂಕ ಬೇಡ.

ಈ ದಾರಗಳನ್ನು ಹೊರಗಿನಿಂದ ತರಿಸುವ ಬದಲು ಟೈಲರ್ ಅಂಗಡಿಯ ಪಾಲಿಯೆಸ್ಟರ್ ದಾರ ಆಗದೇ ಎಂದು ಕೇಳುವವರಿದ್ದಾರೆ. ಸಾಮಾನ್ಯ ಹೊಲಿಗೆ ದಾರ 240 ಡೀನಿಯರ್ ಆಸುಪಾಸಿನದು, ಯುಟಿಸಿ 70ರ ಮೂರು ಪಟ್ಟಿಗೂ ಹೆಚ್ಚು, ಮೇಲೆ ನವಿರು ಜುಂಗು ಬೇರೆ. 6ನೇ ನಂಬರಿನ ಗಾಳದ ಸ್ಟ್ರೀಮರ್‌ಗೆ (ಸಣ್ಣ ಮೀನನ್ನು ಹೋಲುವ ದೊಡ್ಡ ಫ್ಲೈ) ಧಾರಾಳವಾಗಿ ಬಳಸಿ. 16ರ ಆಡಮ್ಸ್‌ನಲ್ಲಿ ರೆಕ್ಕೆಯ ಬುಡ ಕಟ್ಟುವಷ್ಟರಲ್ಲೇ ಹ್ಯಾಕಲ್‌ಗೆ ಜಾಗ ಉಳಿಯುವುದಿಲ್ಲ.