ತುಮಕೂರಿನ ತಾರಸಿಗೆ ಯಾವ ಕುಂಡ?

ತುಳಸಿ, ದೊಡ್ಡಪತ್ರೆ, ಕರಿಬೇವಿಗೆ ನನ್ನ ಓಟು ಮಣ್ಣಿನ ಕುಂಡಕ್ಕೇ. ಅದರ ಸಣ್ಣ ರಂಧ್ರಗಳಲ್ಲಿ ಗಾಳಿಯಾಡುತ್ತದೆ, ಬೇರು ಕೊಳೆಯುವುದು ಕಡಿಮೆ. ಆದರೆ ಏಪ್ರಿಲ್ ಬಿಸಿಲಲ್ಲಿ ಎರಡು ಹೊತ್ತೂ ನೀರು ಕೇಳುತ್ತದೆ. ಬೋರ್‌ವೆಲ್ ಗಡಸು ನೀರಾದರೆ ಹೊರಮೈಗೆ ಬಿಳಿ ಉಪ್ಪು ಕಟ್ಟುತ್ತದೆ. ಗಾಬರಿ ಬೇಡ, ತೆಂಗಿನ ನಾರಿನಿಂದ ಉಜ್ಜಿದರೆ ಬಹುಪಾಲು ಹೋಗುತ್ತದೆ. ಪೇಂಟ್ ಬಳಿದದ್ದನ್ನು ಮಾತ್ರ ಕೊಳ್ಳಬೇಡಿ, ರಂಧ್ರ ಮುಚ್ಚಿಹೋಗಿರುತ್ತದೆ.

ನಾರಿನ ಕುಂಡ ಹಗುರ, ತಾರಸಿಗೆ ಭಾರವಿಲ್ಲ. ತಿಪಟೂರು, ಗುಬ್ಬಿಯಂಥ ತೆಂಗಿನ ಸೀಮೆಯವರಿಗೆ ನಾರೇನು ಹೊಸದೇ? ಒಂದೆರಡು ವರ್ಷದಲ್ಲಿ ಅಂಚು ಉದುರುತ್ತದೆ. ಟೊಮೆಟೊ, ಬದನೆ ಸಸಿ ಎಬ್ಬಿಸಲು ಇದೇ ಸರಿ: ಬೇರು ಅಲುಗಿಸದೆ, ಕುಂಡದ ಸಮೇತ ದೊಡ್ಡ ಕುಂಡಕ್ಕೆ ಇಳಿಸಬಹುದು.

ಪ್ಲಾಸ್ಟಿಕ್ ಗ್ರೋ ಬ್ಯಾಗ್ ಅಗ್ಗ, ನಿಜ. ಬಿಸಿಲಿಗೆ ಪುಡಿಯಾದ ಚೂರುಗಳು ಮಣ್ಣಲ್ಲೇ ಉಳಿಯುತ್ತವೆ. ಅದಕ್ಕಿಂತ ಮನೆಯಲ್ಲಿರುವ ಹಳೇ ಎಣ್ಣೆ ಡಬ್ಬಕ್ಕೆ ತಳದಲ್ಲಿ ತೂತು ಹೊಡೆಯುವುದೇ ಮೇಲು.