ಕೈಯಿಂದ ತಳ್ಳುವ ಹುಲ್ಲು ಕತ್ತರಿಸೋ ಮಷೀನು: ವಿಜಯಪುರದ ಎರೆ ಮಣ್ಣಿನಲ್ಲಿ ಹಲವು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಲಾನ್ ಚಿಕ್ಕದಿದೆ, ಅದರಲ್ಲಿ ಇರೋದು ನಮ್ಮ ಕರಕಿ ಹುಲ್ಲು, ಮಳೆಗಾಲದಲ್ಲಿ ವಾರಕ್ಕೊಮ್ಮೆ ತಪ್ಪದೆ ತಳ್ಳುತ್ತೀರಿ ಅನ್ನೋದಾದರೆ ಕಣ್ಣುಮುಚ್ಚಿ ತಗೊಳ್ಳಿ. ಈ ಮೂರರಲ್ಲಿ ಒಂದು ಇಲ್ಲ ಅಂದರೂ ದುಡ್ಡು ಉಳಿಸಿಕೊಳ್ಳಿ.

ನಮ್ಮದು ಮನೆ ಮುಂದೆ 30 ಅಡಿ ಉದ್ದ, 20 ಅಡಿ ಅಗಲದ ಜಾಗ. ಮಷೀನಿಗೆ ಐದು ಬ್ಲೇಡಿನ ಸಿಲಿಂಡರು, ಹಿಂದೆ ಒಂದು ಪ್ಲಾಸ್ಟಿಕ್ ರೋಲರು, ಅಷ್ಟೇ. ಕರೆಂಟು ಬೇಡ, ಪೆಟ್ರೋಲು ಬೇಡ. ಚಕ್ರ ತಿರುಗಿದರೆ ಸಿಲಿಂಡರು ತಿರುಗುತ್ತದೆ, ಅದರ ಬ್ಲೇಡುಗಳು ಕೆಳಗಿನ ಕಬ್ಬಿಣದ ಪಟ್ಟಿಯನ್ನು ಸವರಿಕೊಂಡು ಹೋಗುವಾಗ ನಡುವೆ ಸಿಕ್ಕ ಹುಲ್ಲು ಕತ್ತರಿಯಲ್ಲಿ ಸಿಕ್ಕ ಹಾಗೆ ತುಂಡಾಗುತ್ತದೆ. ಕರೆಂಟಿನ ಮಷೀನಿನಲ್ಲಿ ಹಾಗಲ್ಲ. ಅಲ್ಲಿ ಒಂದೇ ಬ್ಲೇಡು ಜೋರಾಗಿ ಸುತ್ತಿ ಹುಲ್ಲನ್ನು ಹೊಡೆದು ಹಾಕುತ್ತದೆ, ಬ್ಲೇಡು ಮೊಂಡಾಗಿದ್ದರೆ ತುದಿ ಹರಿದು, ಮರುದಿನದಿಂದ ಲಾನ್ ಮೇಲೆಲ್ಲ ಒಂಥರಾ ಬಿಳಿ ಛಾಯೆ ಬರುತ್ತದೆ. ಇದರಲ್ಲಿ ಆ ತೊಂದರೆ ಇಲ್ಲ. ಬೆಳಿಗ್ಗೆ ಬೇಗ ತಳ್ಳಿದರೂ ಅಕ್ಕಪಕ್ಕದವರ ನಿದ್ದೆ ಕೆಡೋದಿಲ್ಲ, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ಊರಲ್ಲಿ ಬೆಳಿಗ್ಗೆ ಬಿಟ್ಟರೆ ಬೇರೆ ಹೊತ್ತು ಎಲ್ಲಿದೆ ಹೇಳಿ.

ಈಗ ಕಷ್ಟದ ಮಾತು. ಎರೆ ಮಣ್ಣು ಅಂದರೆ ಗೊತ್ತಲ್ವಾ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆ ಬಂದರೆ ಉಬ್ಬಿ ಅಂಟು. ಮೃಗಶಿರಾ ಮಳೆ ಶುರುವಾದ ಮೇಲೆ ಹಸಿ ನೆಲದಲ್ಲಿ ಮಷೀನು ಇಳಿಸಿದರೆ ಚಕ್ರಕ್ಕೆ, ರೋಲರಿಗೆ ಮಣ್ಣು ಮೆತ್ತಿಕೊಂಡು ಅಲ್ಲೇ ನಿಂತುಬಿಡುತ್ತದೆ. ಬರೀ ಎರೆ ಮಣ್ಣಿನ ಮೇಲೆ ಈ ಮಷೀನು ಓಡೋದಿಲ್ಲ, ಬರೆದುಕೊಡುತ್ತೇನೆ. ಮೇಲೆ ಮಸಾರಿ ಮಣ್ಣು, ಉಸುಕು, ಕಳಿತ ತಿಪ್ಪೆಗೊಬ್ಬರ ಕಲಸಿ ಹರಡಬೇಕು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಬಿರುಕು, ತಗ್ಗು ತುಂಬಿಸಿ ಸಮ ಮಾಡಬೇಕು. ಇಲ್ಲದಿದ್ದರೆ ಒಂದು ಚಕ್ರ ತಗ್ಗಿಗೆ ಇಳಿದಾಗ ಇನ್ನೊಂದು ಕಡೆ ಬ್ಲೇಡು ಹುಲ್ಲಿನ ಬುಡ ಸವರಿ ಬೋಳು ಮಾಡುತ್ತದೆ.

ಎರಡನೆಯದು ಎತ್ತರ. ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಂದೇ ಸಲ ಕತ್ತರಿಸಬಾರದು, ಇದು ಎಲ್ಲ ಲಾನಿಗೂ ಇರುವ ಮಾತು. ಕೈ ಮಷೀನು ಇದನ್ನು ನಿಮ್ಮಿಂದ ಜಬರದಸ್ತಿಯಿಂದ ಪಾಲಿಸುವಂತೆ ಮಾಡುತ್ತದೆ. ಹಸ್ತ, ಚಿತ್ತ ಮಳೆ ಒಂದರ ಹಿಂದೊಂದು ಹೊಡೆದಾಗ ಎರಡು ವಾರ ಬಿಟ್ಟಿರೋ, ಕರಕಿ ಕಡ್ಡಿ ಎತ್ತಿ ಹೂ ಬಿಡುತ್ತದೆ. ಆ ಕಡ್ಡಿ ಬ್ಲೇಡಿಗೆ ಸಿಗೋದೇ ಇಲ್ಲ, ಚಕ್ರ ಬಂದಾಗ ಮಲಗಿ, ಹೋದ ಮೇಲೆ ಎದ್ದು ನಿಲ್ಲುತ್ತದೆ. ಜೇಕೂ ಅಷ್ಟೇ, ಮೇಲೆ ಕತ್ತರಿಸಿದರೆ ಕೆಳಗಿನ ಗಡ್ಡೆಯಿಂದ ಮತ್ತೆ ಚಿಗುರುತ್ತದೆ. ಕುರ್ಪಿ ಹಿಡಿದು ಕೂತು ಗಡ್ಡೆ ಸಮೇತ ಕೀಳೋದೊಂದೇ ದಾರಿ.

ರಿಪೇರಿ ವಿಷಯಕ್ಕೆ ಬಂದರೆ ಈ ಮಷೀನಿನ ಮೇಲೆ ನನಗೆ ನಿಜವಾಗಿ ಪ್ರೀತಿ. ಇದರ ಮೂಲ ಮಾದರಿ ಮಾಡಿದ್ದು 1830ರಲ್ಲಿ, ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಅನ್ನುವವರು, ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ಎಳೆ ಸವರುವ ಯಂತ್ರ ನೋಡಿ. ಇವತ್ತಿಗೂ ಒಳಗಿನ ಲೆಕ್ಕ ಹೆಚ್ಚುಕಡಿಮೆ ಅದೇ. ಹಾಗಾಗಿ ಬಿಚ್ಚಿ ನೋಡಿದರೆ ಯಾರಿಗಾದರೂ ಅರ್ಥ ಆಗುತ್ತದೆ. ಪಟ್ಟಿಗೆ ಎರಡೂ ಬದಿ ಬೋಲ್ಟು ಇವೆ. ಪಾನಾ ಹಿಡಿದು ಅವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ಬ್ಲೇಡಿಗೂ ಪಟ್ಟಿಗೂ ನಡುವೆ ಪೇಪರಿನ ತುಂಡು ಇಟ್ಟು ಸಿಲಿಂಡರನ್ನು ಕೈಯಲ್ಲಿ ನಿಧಾನ ತಿರುಗಿಸಬೇಕು. ಎಡ ತುದಿ, ನಡುವೆ, ಬಲ ತುದಿ, ಮೂರೂ ಕಡೆ ಪೇಪರು ಸಪ್ಪಳ ಇಲ್ಲದೆ ತುಂಡಾದರೆ ಸರಿ ಇದೆ ಅಂತ. ಮಡಚಿಕೊಂಡರೆ ಸಡಿಲ. ಕಿರ್ರ್ ಅಂತ ಉಜ್ಜಿದರೆ ಬಿಗಿ ಜಾಸ್ತಿ ಆಯ್ತು, ತಳ್ಳೋಕೂ ಭಾರ. ಬ್ಲೇಡು ಮೊಂಡಾದರೆ ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಸಿಲಿಂಡರನ್ನು ಉಲ್ಟಾ ತಿರುಗಿಸಿದರೆ ಸಾಕು, ಸಾಣೆ ತಾನೇ ಕೂಡುತ್ತದೆ. ಆಮೇಲೆ ಪೇಸ್ಟ್ ಪೂರ್ತಿ ತೊಳೆದುಬಿಡಿ.

ಒಂದು ದಿನ ಚಕ್ರ ತಿರುಗುತ್ತಿತ್ತು, ಸಿಲಿಂಡರು ಮಾತ್ರ ಸುಮ್ನೆ ನಿಂತಿತ್ತು. ಚಕ್ರ ಬಿಚ್ಚಿದರೆ ಒಳಗೆ ಬೆರಳಿನ ಉಗುರಿನಷ್ಟು ದೊಡ್ಡ ಕಬ್ಬಿಣದ ತುಂಡೊಂದಿದೆ, ಮುಂದೆ ತಳ್ಳಿದಾಗ ಅದು ಹಲ್ಲಿಗೆ ಕಚ್ಚಿ ಸಿಲಿಂಡರು ತಿರುಗಿಸಬೇಕು, ಹಿಂದೆ ಎಳೆದಾಗ ಬಿಟ್ಟುಕೊಡಬೇಕು. ಹಳೇ ಗ್ರೀಸು ಧೂಳಿನ ಜೊತೆ ಸೇರಿ ಗಟ್ಟಿಯಾಗಿ ಅದು ಅಲ್ಲೇ ಸಿಕ್ಕಿಕೊಂಡಿತ್ತು. ಡೀಸೆಲ್‌ನಲ್ಲಿ ತೊಳೆದು ತೆಳ್ಳಗೆ ಎಣ್ಣೆ ಬಿಟ್ಟ ಮೇಲೆ ಟಿಕ್ ಟಿಕ್ ಅಂತ ಶುರುವಾಯಿತು. ನಮ್ಮ ಕಡೆ ಧೂಳಿಗೆ ಅಲ್ಲಿ ದಪ್ಪ ಗ್ರೀಸು ಬೇಡವೇ ಬೇಡ.

ಬೇಜಾರಾಗಿದ್ದು ಕಂಪನಿ ಮೇಲೆ. ರೋಲರು ಬಿಸಿಲಿಗೆ ಸೀಳಿತು. ಬೇರೆ ಕಳಿಸಿ ಅಂತ ಎಷ್ಟು ಸಲ ಕೇಳಿದರೂ ಉತ್ತರ ಇಲ್ಲ. ಕೊನೆಗೆ ಲೇತ್ ಅಂಗಡಿಯವರು ಪೈಪ್ ತುಂಡಿನಲ್ಲಿ ಮಾಡಿಕೊಟ್ಟರು, ಅದು ಮೊದಲಿನದಕ್ಕಿಂತ ಗಟ್ಟಿ.

ಮಷೀನಿಗಿಂತ ದೊಡ್ಡ ಖರ್ಚು ನೀರು. ಒಂದು ಚದರ ಮೀಟರಿಗೆ ಒಂದು ಲೀಟರು ಹಾಕಿದರೆ ಒಂದು ಮಿಲಿಮೀಟರ್ ಮಳೆ ಬಿದ್ದ ಲೆಕ್ಕ. ನಮ್ಮ ಜಾಗ ಸುಮಾರು 56 ಚದರ ಮೀಟರು, ವಾರಕ್ಕೆ 25 ಮಿಲಿಮೀಟರ್ ಕೊಡಬೇಕೆಂದರೆ 1,400 ಲೀಟರು. ಕುಡಿಯೋ ನೀರಿಗೇ ಕಾಯುವ ಬೇಸಿಗೆಯಲ್ಲಿ ಅಷ್ಟು ನೀರು ಹುಲ್ಲಿಗೆ ಸುರಿಯೋಕೆ ನನಗೆ ಮನಸ್ಸು ಒಪ್ಪೋದಿಲ್ಲ. ಬೋರಿನ ಸವಳು ನೀರು, ಬಟ್ಟೆ ಒಗೆದ ನೀರು ಸತತವಾಗಿ ಬಿಟ್ಟರೆ ಉಪ್ಪು ಕೂತು ಎರೆ ಮಣ್ಣು ಇನ್ನೂ ಬಿಗಿಯಾಗುತ್ತದೆ. ಅದಕ್ಕೇ ಕರಕಿ ಅನ್ನೋದು ನಾನು. ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗಲಿ ಬಿಡಿ, ಬೇರು ಜೀವ ಹಿಡಿದಿರುತ್ತದೆ, ನಾಲ್ಕು ಮಳೆ ಬಿದ್ದರೆ ಮತ್ತೆ ಹಸಿರು. ಗೋಳಗುಮ್ಮಟದ ಮುಂದಿನ ಹುಲ್ಲು ನೋಡಿ ಮನೆಯಲ್ಲೂ ವರ್ಷಪೂರ್ತಿ ಹಾಗೇ ಇರಬೇಕು ಅಂತ ಹಟ ಹಿಡಿಯಬೇಡಿ. ಕತ್ತರಿಸಿದ ಹುಲ್ಲು ಸಣ್ಣಗಿದ್ದರೆ ಅಲ್ಲೇ ಬಿಡಿ, ಕಳಿತು ಗೊಬ್ಬರವಾಗುತ್ತದೆ, ಯೂರಿಯಾ ಖರ್ಚೂ ಕಡಿಮೆ.

ಕಂಪೌಂಡ್ ಪಕ್ಕ ಒಂದು ಪಟ್ಟಿ ಹುಲ್ಲನ್ನು ಶ್ರಾವಣದಿಂದಲೇ ನಾನು ಕತ್ತರಿಸೋದಿಲ್ಲ. ಗಣೇಶ ಚೌತಿಗೆ ಓಣಿಯ ಹುಡುಗರು "ಕಾಕಾರ, ಮೂರೆಲಿ ಕರಕಿ ಕೊಡ್ರಿ" ಅಂತ ತಟ್ಟೆ ಹಿಡಿದು ಬರುತ್ತಾರೆ. ಗಿಡ್ಡ ಕತ್ತರಿಸಿದ ಲಾನಿನಲ್ಲಿ ಪೂಜೆಗೆ ಬೇಕಾದಂಥ ಎಸಳು ಸಿಗೋದಿಲ್ಲ. ಅವರು ಗೇಟು ತೆಗೆದು ಓಡಿಬರೋದು ನೋಡಿದರೆ ವರ್ಷದ ಕೆಲಸವೆಲ್ಲ ಸಾರ್ಥಕ ಅನ್ನಿಸುತ್ತದೆ.

ಒಂದು ಗುಂಟೆಗಿಂತ ದೊಡ್ಡ ಜಾಗ ಇದ್ದವರು ಅಥವಾ ಭುಜ, ಮೊಣಕೈ ನೋವಿದ್ದವರು ಕರೆಂಟಿನದೇ ನೋಡಿ. ಉಳಿದವರು ತಗೊಳ್ಳುವಾಗ ಆನ್‌ಲೈನ್ ಬಿಟ್ಟು ಅಂಗಡಿಗೇ ಹೋಗಿ, ಜೊತೆಗೆ ಒಂದು ಹಾಳೆ ಪೇಪರು ಒಯ್ಯಿರಿ. ಮೂರೂ ಕಡೆ ಕತ್ತರಿಸಿ ನೋಡಿ, ಪಟ್ಟಿಗೆ ಎರಡೂ ಬದಿ ಬೋಲ್ಟು ಇದೆಯಾ ನೋಡಿ, ರೋಲರು ಪ್ಲಾಸ್ಟಿಕ್ಕಾ ಕಬ್ಬಿಣವಾ ಕೇಳಿ. ಪೇಪರು ಹಾಕೋಕೆ ಬಿಡದ ಅಂಗಡಿಯಲ್ಲಿ ತಗೊಳ್ಳಬೇಡಿ.