ಬೀಟೆ ಮರದಲ್ಲಿ ಒಂದು ಸೆರೆ ಹಡಗು

ಮೊದಲೇ ಹೇಳಿಬಿಡುತ್ತೇನೆ: ನಾನು ಮಾಡಿಸಿಕೊಂಡ ಮರದ ಫಲಕಕ್ಕೆ ಐದಕ್ಕೆ ನಾಲ್ಕು ಅಂಕ. ಅರ್ಧ ಅಂಕ ಕಳೆದದ್ದು ತಡ ಮಾಡಿದ್ದಕ್ಕೆ, ಇನ್ನರ್ಧ ಕಳೆದದ್ದು ಕೊಕ್ಕೆಗೆ. ಕೊಕ್ಕೆಯ ವಿಚಾರ ಆಮೇಲೆ.

ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಬೀಟೆ ಮರದ ಮೇಲೆ ಇನ್‌ಲೇ ಕೆಲಸ, ಅಂದರೆ ಬೇರೆ ಬಣ್ಣದ ಮರದ ತುಂಡುಗಳನ್ನು ಕೂರಿಸಿ ಚಿತ್ರ ಮಾಡುವ ಕೆಲಸ, ನಡೆಯುವ ಸಣ್ಣ ಕಾರ್ಖಾನೆಯೊಂದಿದೆ. ದೂರುವ ಮಾತೂ ಇರುವುದರಿಂದ ಹೆಸರು ಬರೆಯುವುದಿಲ್ಲ. ಮೂರು ಜನ ಕೆಲಸಗಾರರು, ಒಬ್ಬ ಉಸ್ತಾದರು, ಒಂದು ತಂತಿ ಗರಗಸ, ನೆಲದ ತುಂಬ ಹೊಟ್ಟು. ಗೋಡೆಗೆ ಒರಗಿಸಿದ ಫಲಕಗಳಲ್ಲಿ ದಸರಾ ಜಂಬೂ ಸವಾರಿ, ಆನೆ, ಎತ್ತಿನ ಗಾಡಿ, ಬಿಂದಿಗೆ ಹೊತ್ತ ಹೆಂಗಸರು, ತೆಂಗಿನ ಮರದ ಹಿಂದೆ ಮುಳುಗುವ ಸೂರ್ಯ. ಪ್ರವಾಸಿಗರು ಕೊಳ್ಳುವುದು ಇವನ್ನೇ. ನಾನು ಹೋಗಿ ಕೇಳಿದ್ದು ಒಂದು ಸರಕು ಹಡಗು. ಅದೂ 1941ರಲ್ಲಿ ಸೆರೆಸಿಕ್ಕ ಶತ್ರು ಹಡಗು.

ನಾನು ಮಂಡ್ಯ ಜಿಲ್ಲೆಯವನು. ನಮ್ಮೂರಿನಲ್ಲಿ ನೀರು ಎಂದರೆ ನಾಲೆ, ಹಡಗು ಎಂದರೆ ಸಿನಿಮಾ. ಹಾಗಿದ್ದೂ ಇಪ್ಪತ್ತಾರು ವರ್ಷ ಹಡಗುಗಳ ಇಂಜಿನ್ ಕೋಣೆಯಲ್ಲಿ ಬೆವರು ಸುರಿಸಿ, ಈಗ ಸರಸ್ವತಿಪುರಂನಲ್ಲಿ ನೆಲ ಕಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪೂರ್ವ ಜರ್ಮನಿಯಲ್ಲಿ ಕಟ್ಟಿದ ಒಂದು ಹಳೆಯ ಹಡಗಿಗೆ ನನ್ನನ್ನು ಹಾಕಿದ್ದರು. ಅದರ ಕವಾಟಗಳ ಚಕ್ರದ ಮೇಲೆ ‘ಔಫ್’, ‘ತ್ಸು’ ಎಂದು ಕೊರೆದಿತ್ತು. ಮೊದಲನೆಯದು ತೆರೆ, ಎರಡನೆಯದು ಮುಚ್ಚು. ಅದನ್ನು ತಿಳಿಯುವ ಮೊದಲು ನಾನು ಒಂದು ಸಲ ಎಣ್ಣೆಯ ಕವಾಟವನ್ನು ತಪ್ಪಾಗಿ ತಿರುಗಿಸಿ, ಮುಖ್ಯ ಇಂಜಿನಿಯರರಿಂದ ಹುಟ್ಟಿದ ತಾರೀಕು ನೆನಪಾಗುವಂತೆ ಬೈಸಿಕೊಂಡೆ. ಅಂದಿನಿಂದ ನನಗೊಂದು ಹುಳು ಹೊಕ್ಕಿತು: ಯುದ್ಧದಲ್ಲಿ ಶತ್ರುವಿನ ಹಡಗನ್ನು ಹಿಡಿದ ಸರ್ಕಾರ ಮಾರನೆಯ ದಿನ ಅದನ್ನು ಓಡಿಸುವುದು ಹೇಗೆ? ಹಿಡಿದವರ ಪರಾಕ್ರಮವನ್ನು ಎಲ್ಲರೂ ಬರೆಯುತ್ತಾರೆ. ಮಾರನೆಯ ದಿನ ಕೆಳಗಿಳಿದು ‘ಔಫ್’ ಯಾವುದು, ‘ತ್ಸು’ ಯಾವುದು ಎಂದು ಹುಡುಕಿದವನನ್ನು ಯಾರೂ ಕೇಳುವುದಿಲ್ಲ.

ನಾನು ಆರಿಸಿದ ಹಡಗು ‘ಸ್ಟುರ್ಮ್‌ಫೆಲ್ಸ್’. ಬ್ರೆಮೆನ್‌ನ ಹಾನ್ಸಾ ಕಂಪನಿಯದು. ಆ ಕಂಪನಿಯ ಹಡಗುಗಳ ಹೆಸರೆಲ್ಲ ‘ಫೆಲ್ಸ್’ ಎಂದು, ಅಂದರೆ ಬಂಡೆ ಎಂದು, ಮುಗಿಯುತ್ತವೆ. 1939ರಲ್ಲಿ ಯುದ್ಧ ಶುರುವಾದಾಗ ಇಂಥ ಐದು ಜರ್ಮನ್ ಹಡಗುಗಳು ಪರ್ಷಿಯನ್ ಕೊಲ್ಲಿಯ ತುದಿಯ ಬಂದರ್ ಶಾಪುರದಲ್ಲಿ ಆಶ್ರಯ ಪಡೆದವು. ಮುಂದಿನ ವರ್ಷ ಇಟಲಿಯೂ ಯುದ್ಧಕ್ಕಿಳಿದು, ಅದರ ಮೂರು ಹಡಗುಗಳೂ ಅಲ್ಲೇ ಸಿಕ್ಕಿಕೊಂಡವು. ಇರಾನ್ ತಟಸ್ಥ ದೇಶ, ಆದ್ದರಿಂದ ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟುವಂತಿಲ್ಲ ಎಂಬುದು 1941ರ ಆಗಸ್ಟ್ 25ರ ಬೆಳಗಿನ ಜಾವದವರೆಗೆ ಮಾತ್ರ ನಡೆಯಿತು. ಬ್ರಿಟನ್ ಮತ್ತು ರಷ್ಯಾ ಸೇರಿ ಇರಾನಿಗೆ ನುಗ್ಗಿದವು. ಆಸ್ಟ್ರೇಲಿಯದ ‘ಕನಿಂಬ್ಲಾ’ ನೌಕೆ ಬಂದರಿಗೆ ಹೊಕ್ಕಿತು, ಅದರಲ್ಲಿ ನಮ್ಮ ಬಲೂಚ್ ರೆಜಿಮೆಂಟಿನ ಸಿಪಾಯಿಗಳೂ ಇದ್ದರು. ಜರ್ಮನ್ ಸಿಬ್ಬಂದಿ ತಮ್ಮ ಹಡಗುಗಳನ್ನು ತಾವೇ ಸುಟ್ಟು ಮುಳುಗಿಸಲು ಸಿದ್ಧತೆ ಮಾಡಿಕೊಂಡಿದ್ದರು. ‘ವೈಸೆನ್‌ಫೆಲ್ಸ್’ ಉರಿದು ಮುಳುಗಿತು. ನೀರು ಹೊಕ್ಕ ‘ಹೋಹೆನ್‌ಫೆಲ್ಸ್’ ಅನ್ನು ಕನಿಂಬ್ಲಾದವರು ಒದ್ದಾಡಿ ಎತ್ತಿದರು. ಉಳಿದವು ಕೈಗೆ ಸಿಕ್ಕವು.

ಇದನ್ನೆಲ್ಲ ಉಸ್ತಾದರ ಮುಂದೆ ಸ್ಟೂಲಿನ ಮೇಲೆ ಕುಳಿತು ಹೇಳಿದೆ. ಅವರು ಚಹಾ ತರಿಸಿದರು. ಒಂದು ಸಂಗತಿಗೆ ಮಾತ್ರ ಕನ್ನಡಕ ತೆಗೆದು ನನ್ನನ್ನೇ ನೋಡಿದರು: ಆ ಹಡಗುಗಳಿಗೆ ಬ್ರಿಟಿಷರು ಇಟ್ಟ ಹೊಸ ಹೆಸರು. ಬ್ರಿಟನ್ನಿನ ಯುದ್ಧ ಸಾರಿಗೆ ಸಚಿವಾಲಯದ ಒಡೆತನಕ್ಕೆ ಬಂದ ಹಡಗುಗಳಿಗೆ, ಹೊಸದಾಗಿ ಕಟ್ಟಿಸಿದ್ದಿರಲಿ, ಸೆರೆಹಿಡಿದದ್ದಿರಲಿ, ಸಾಮಾನ್ಯವಾಗಿ ‘ಎಂಪೈರ್’ ಎಂಬ ಮನೆತನದ ಹೆಸರು ಬರುತ್ತಿತ್ತು. ಇಲ್ಲಿ ಹೋಹೆನ್‌ಫೆಲ್ಸ್ ‘ಎಂಪೈರ್ ಕಮಲ್’ ಆಯಿತು. ಮರೀನ್‌ಫೆಲ್ಸ್ ‘ರಾಣಿ’, ವಿಲ್ಡೆನ್‌ಫೆಲ್ಸ್ ‘ರಾಜಾ’, ನಮ್ಮ ಸ್ಟುರ್ಮ್‌ಫೆಲ್ಸ್ ‘ಎಂಪೈರ್ ಕುಮಾರಿ’. ಇಟಲಿಯ ಮೂರು ಹಡಗುಗಳು ‘ತಾಜ್’, ‘ಪೆರಿ’, ‘ಕೊಹಿನೂರ್’. ಲಂಡನ್ನಿನ ಯಾವ ಗುಮಾಸ್ತ ಈ ನಾಮಕರಣ ಮಾಡಿದನೋ! “ಮದುವೆ ಮಾಡಿ ಹೆಸರು ಬದಲಾಯಿಸಿದ ಹಾಗಾಯಿತಲ್ಲ ಸಾರ್,” ಎಂದರು ಉಸ್ತಾದರು.

ಮುಂಗಡ ಏಳು ಸಾವಿರ, ಒಟ್ಟು ಹದಿನಾಲ್ಕು ಸಾವಿರ ರೂಪಾಯಿ, ಎರಡು ಅಡಿ ಅಗಲದ ಫಲಕ, ದಸರೆಗೆ ಮೊದಲು ಕೊಡುವುದು ಎಂದು ಮಾತಾಯಿತು.

ಮೊದಲ ನಕ್ಷೆ ತೋರಿಸಲು ಕರೆದಾಗ ನನಗೆ ನಗು, ಸಿಟ್ಟು ಎರಡೂ ಬಂದವು. ನಕ್ಷೆ ಬರೆಯುವ ಹುಡುಗ ಮೊಬೈಲಿನಲ್ಲಿ ಹಡಗು ಎಂದು ಹುಡುಕಿ, ನಾಲ್ಕು ಹೊಗೆಕೊಳವೆಗಳ ಟೈಟಾನಿಕ್ ಇಳಿಸಿಕೊಂಡಿದ್ದ. ಹಿಂದೆ ಮುಳುಗುವ ಸೂರ್ಯ, ಪಕ್ಕದಲ್ಲಿ ತೆಂಗಿನ ಮರ. “ಅಪ್ಪಾ, ಇದು ಸರಕು ಹಡಗು. ಒಂದೇ ಕೊಳವೆ. ಡೆಕ್ಕಿನ ಮೇಲೆ ಭಾರ ಎತ್ತುವ ಡೆರಿಕ್ ಕಂಬಗಳು ಬೇಕು,” ಎಂದು ನಾನೇ ಪೆನ್ಸಿಲ್ ಹಿಡಿದೆ. ತೆಂಗಿನ ಮರವನ್ನು ಬಿಡಲು ಅವನಿಗೆ ಮನಸ್ಸಿಲ್ಲ. ಕೊನೆಗೆ ಅದನ್ನು ಖರ್ಜೂರದ ಮರ ಮಾಡುವ ರಾಜಿಗೆ ಇಬ್ಬರೂ ಒಪ್ಪಿದೆವು.

ಎರಡನೆಯ ತಕರಾರು ಬಾವುಟದ್ದು. ಹಡಗಿನ ಹಿಂಬದಿಯ ಕಂಬಕ್ಕೆ ಯಾವ ಬಾವುಟ? 1941ರ ಜರ್ಮನ್ ಬಾವುಟವೆಂದರೆ ಹಿಟ್ಲರನದು. “ಸ್ವಸ್ತಿಕ ತಾನೇ ಸಾರ್, ಬಾಗಿಲಿಗೆಲ್ಲ ಮಾಡಿಕೊಡುತ್ತೇವೆ, ಚೆನ್ನಾಗಿ ಬರುತ್ತದೆ,” ಎಂದ ಹುಡುಗ, ಏನೂ ಅರಿಯದೆ. ಬೇಡವೇ ಬೇಡ ಎಂದೆ. ಹಾಗಾದರೆ ಬ್ರಿಟಿಷ್ ಬಾವುಟವೇ? ಅದೂ ನಮ್ಮ ಮನೆಯ ಗೋಡೆಗೆ ಯಾಕೆ? ಕಂಬ ಖಾಲಿ ಇರಲಿ ಎಂದೆ. ಉಸ್ತಾದರು ಆಗ ಕೇಳಿದ ಪ್ರಶ್ನೆಗೆ ಉತ್ತರ ಹೇಳುವುದರಲ್ಲಿ ಎರಡನೆಯ ಚಹಾ ಮುಗಿಯಿತು: “ಹಿಡಿದ ಮೇಲೆ ಹಿಡಿದವರದೇ ಅಲ್ಲವೇ?”

ಅಲ್ಲ. ಅದೇ ಸ್ವಾರಸ್ಯ. ಹಿಡಿದ ಹಡಗನ್ನು ಬಂದರಿಗೆ ತಂದು, ಅದರ ಕಾಗದಪತ್ರಗಳೊಂದಿಗೆ ಪ್ರೈಜ್ ಕೋರ್ಟಿನ, ಅಂದರೆ ಯುದ್ಧದಲ್ಲಿ ಹಿಡಿದ ಹಡಗು, ಸರಕುಗಳ ವಿಚಾರಣೆ ನಡೆಸುವ ಕೋರ್ಟಿನ, ಮುಂದೆ ನಿಲ್ಲಿಸಬೇಕು. ಕೋರ್ಟಿನ ಮಾರ್ಷಲ್ ಎಂಬ ಅಧಿಕಾರಿ ಅದರ ಪಾಲಕ. ಅದು ನಿಜವಾಗಿ ಶತ್ರುವಿನದೇ, ಹಿಡಿದದ್ದು ಕ್ರಮಬದ್ಧವೇ ಎಂದು ನ್ಯಾಯಾಧೀಶರು ತೀರ್ಮಾನಿಸಿದ ಮೇಲೆಯೇ ಒಡೆತನ ಬದಲಾಗುವುದು. ಕೊಳೆಯುವ ಸರಕಿದ್ದರೆ ಮಾರಿ ಹಣವನ್ನು ಕೋರ್ಟಿನಲ್ಲಿಡುತ್ತಾರೆ. 1914ರ ಸೆಪ್ಟೆಂಬರ್ 4ರಂದು ಲಂಡನ್ನಿನಲ್ಲಿ ಇಂಥ ಕೋರ್ಟು ಸೇರಿದಾಗ, ಕ್ರಿಮಿಯಾ ಯುದ್ಧದ ನಂತರ ಅದಕ್ಕೆ ಕೆಲಸ ಬಂದದ್ದು ಅದೇ ಮೊದಲು. ಮೊದಲ ಮೊಕದ್ದಮೆ ಕಾರ್ಡಿಫ್ ಬಂದರಿನಲ್ಲಿ ಹಿಡಿದ ‘ಚಿಲಿ’ ಎಂಬ ಜರ್ಮನ್ ಹಾಯಿಹಡಗಿನದು. ಯುದ್ಧ ಘೋಷಣೆಯಾದಾಗ ಬಂದರಿನಲ್ಲಿ ಸುಮ್ಮನೆ ನಿಂತಿದ್ದ ವ್ಯಾಪಾರಿ ಹಡಗನ್ನು ಏನು ಮಾಡಬೇಕೆಂದು 1907ರ ಹೇಗ್ ಒಪ್ಪಂದದಲ್ಲಿ ಮಾತಾಗಿತ್ತು. ಆದ್ದರಿಂದ ಚಿಲಿಯನ್ನು ಮುಟ್ಟುಗೋಲು ಹಾಕದೆ, ತಡೆದಿಡಲು ಮಾತ್ರ ಆದೇಶವಾಯಿತು. ನಮ್ಮಲ್ಲಿ ಠಾಣೆಯ ಮುಂದೆ ತುಕ್ಕು ಹಿಡಿಯುವ ಸ್ಕೂಟರುಗಳಿವೆಯಲ್ಲ, ಆ ಸ್ಥಿತಿ. ಸರ್ಕಾರಕ್ಕೆ ಅವಸರವಿದ್ದರೆ, ಬೆಲೆ ಕಟ್ಟಿಸಿ, ತೀರ್ಪಿಗೆ ಮೊದಲೇ ಬಳಕೆಗೆ ತೆಗೆದುಕೊಳ್ಳಲು ಕೋರ್ಟಿನ ಅಪ್ಪಣೆ ಕೇಳಬೇಕು.

ಕೋರ್ಟು ಸರ್ಕಾರದ ಮಾತಿಗೆ ಯಾವಾಗಲೂ ತಲೆಯಾಡಿಸಿತೆಂದೂ ಅಲ್ಲ. ‘ಜಮೋರಾ’ ಎಂಬ ಸ್ವೀಡನ್ನಿನ ಹಡಗಿನಲ್ಲಿ ಸುಮಾರು 400 ಟನ್ ತಾಮ್ರವಿತ್ತು. ತೀರ್ಪಿಗೆ ಮೊದಲೇ ಅದು ಬೇಕೆಂದಿತು ಯುದ್ಧ ಇಲಾಖೆ. 1916ರಲ್ಲಿ ಮೇಲ್ಮನವಿ ಕೇಳಿದ ಪ್ರಿವಿ ಕೌನ್ಸಿಲ್ ಎಂಬ ಮೇಲಿನ ನ್ಯಾಯಪೀಠ ಹೇಳಿದ್ದು: ಪ್ರೈಜ್ ಕೋರ್ಟು ನಡೆಯುವುದು ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ, ರಾಜಾಜ್ಞೆಯಿಂದ ಅದನ್ನು ತಿದ್ದಲಾಗದು, ತುರ್ತು ಅಗತ್ಯವಿದೆಯೆಂದು ಮೊದಲು ತೋರಿಸಿ. ಯುದ್ಧದ ನಡುವೆ ತಮ್ಮದೇ ಸರ್ಕಾರಕ್ಕೆ ಇಷ್ಟು ಹೇಳುವ ಎದೆಗಾರಿಕೆ ನನಗೆ ಮೆಚ್ಚುಗೆ. ತಟಸ್ಥ ಬಂದರಿಗೆ ನುಗ್ಗಿ ಹಡಗು ಹಿಡಿದದ್ದೂ ಅದೇ ದೇಶದವರು ಎಂಬುದನ್ನೂ ನಾನು ಮರೆತಿಲ್ಲ. ಅಂದಹಾಗೆ, ನಮ್ಮ ದೇಶಕ್ಕೂ ಇಂಥ ಕಾನೂನಿದೆ. ಪಾಕಿಸ್ತಾನದೊಂದಿಗೆ ಯುದ್ಧವಾದ 1971ರಲ್ಲೇ ಮಾಡಿದ್ದು.

“ಸರ್ಕಾರದವರೇ ಹಡಗು ಓಡಿಸುತ್ತಿದ್ದರೇ?” ಎಂದರು ಉಸ್ತಾದರು. ಈ ಪ್ರಶ್ನೆಗಾಗಿ ನಾನು ಕಾಯುತ್ತಿದ್ದೆ. ಒಡೆತನ ಸಚಿವಾಲಯದ್ದು, ದಿನದ ಕೆಲಸ ಖಾಸಗಿ ಹಡಗು ಕಂಪನಿಯದು. ಸಿಬ್ಬಂದಿ, ದಿನಸಿ, ರಿಪೇರಿ ಎಲ್ಲವನ್ನೂ ಕಂಪನಿ ನೋಡಿಕೊಂಡು ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕು. ಎಲ್ಲಿಗೆ ಹೋಗಬೇಕು, ಏನು ಹೊರಬೇಕು ಎಂಬುದು ಸರ್ಕಾರದ ಮಾತು. ಹಳ್ಳಿಯಲ್ಲಿ ಗದ್ದೆ ಒಬ್ಬರದು, ಗುತ್ತಿಗೆ ಇನ್ನೊಬ್ಬರದು ಎಂದಂತೆ. 1945ರಲ್ಲಿ ಕೀಲ್‌ನಲ್ಲಿ ಸಿಕ್ಕ ‘ಮೊಂಟೆ ರೋಸಾ’ ಆಮೇಲೆ ‘ಎಂಪೈರ್ ವಿಂಡ್‌ರಷ್’ ಆಗಿ, 1948ರಲ್ಲಿ ಕೆರಿಬಿಯನ್ ವಲಸಿಗರನ್ನು ಇಂಗ್ಲೆಂಡಿಗೆ ತಂದು ಪ್ರಸಿದ್ಧವಾಯಿತಲ್ಲ, ಅದೂ ಸರ್ಕಾರದ ಹಡಗೇ. ನಡೆಸುತ್ತಿದ್ದುದು ನ್ಯೂಜಿಲೆಂಡ್ ಶಿಪ್ಪಿಂಗ್ ಕಂಪನಿ.

ಇಂಜಿನಿಯರನಾದವನಿಗೆ ನಿಜವಾದ ತಲೆನೋವು ಬೇರೆ. ಶರಣಾಗುವ ಸಿಬ್ಬಂದಿ ಸುಮ್ಮನೆ ಕೀಲಿಕೈ ಕೊಟ್ಟು ಹೋಗುವುದಿಲ್ಲ. 1917ರಲ್ಲಿ ಅಮೆರಿಕ ತನ್ನ ಬಂದರುಗಳಲ್ಲಿದ್ದ ಜರ್ಮನ್ ಹಡಗುಗಳನ್ನು ವಶಪಡಿಸಿಕೊಂಡಾಗ, ಎಷ್ಟೋ ಹಡಗುಗಳಲ್ಲಿ ಎರಕದ ಕಬ್ಬಿಣದ ಸಿಲಿಂಡರುಗಳನ್ನು ಒಡೆದು ಹಾಕಿದ್ದರು. ಹೊಸ ಸಿಲಿಂಡರ್ ಎರಕ ಹೊಯ್ಯಲು ಬಹಳ ಕಾಲ ಬೇಕು. ಅವರು ಮಾಡಿದ್ದು ವಿದ್ಯುತ್ ವೆಲ್ಡಿಂಗ್‌ನಿಂದ ತೇಪೆ. ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಹಿಡಿಸುವುದು ಈಗಲೂ ಎದೆ ನಡುಗಿಸುವ ಕೆಲಸ. ಅಂಥದ್ದನ್ನು ಅವರು ಆಗಲೇ ಸಾಧಿಸಿ, ಅದೇ ವರ್ಷ ಆ ಹಡಗುಗಳಲ್ಲಿ ಸೈನಿಕರನ್ನು ಯುರೋಪಿಗೆ ಸಾಗಿಸಿದರು. ಗೋವಾದ ಮುರ್ಮಗೋವಾದಲ್ಲಿ ಇದಕ್ಕೆ ತದ್ವಿರುದ್ಧ. 1943ರ ಮಾರ್ಚ್ 9ರ ರಾತ್ರಿ, ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಹವ್ಯಾಸಿ ಸೈನಿಕ ದಳದ ನಡುವಯಸ್ಸಿನ ಸಾಹೇಬರು ಪೋರ್ಚುಗೀಸರ ಆ ಬಂದರಿಗೆ ಗುಟ್ಟಾಗಿ ಹೋಗಿ ‘ಎಹ್ರೆನ್‌ಫೆಲ್ಸ್’ ಮೇಲೆ ಬಿದ್ದರು. ಅದೂ, ಜೊತೆಗಿದ್ದ ಇನ್ನೆರಡು ಜರ್ಮನ್ ಹಡಗುಗಳೂ, ಇಟಲಿಯದೊಂದೂ ಸಿಬ್ಬಂದಿಯ ಕೈಯಿಂದಲೇ ನಾಶವಾದವು. ಅಲ್ಲಿ ನಡೆಸಲು ಏನೂ ಉಳಿಯಲಿಲ್ಲ.

ಇನ್ನು ಫಲಕದ ಗುಣಮಟ್ಟ. ಇಲ್ಲಿ ನನಗೆ ಮಾತು ಸಾಲದು. ಯುದ್ಧಕಾಲದ ಹಡಗಿಗೆ ಬೂದು ಬಣ್ಣ. ಬೂದು ಬಣ್ಣದ ಮರ ಎಲ್ಲಿಂದ ತರುವುದು? ಬಣ್ಣ ಬಳಿಯುವುದು ಬೇಡವೆಂದು ನಾನು ಹಟ ಹಿಡಿದಿದ್ದೆ. ಉಸ್ತಾದರು ತುಕ್ಕು ಹಿಡಿದ ಮೊಳೆಗಳನ್ನು ಹಾಕಿಟ್ಟ ನೀರಿನಲ್ಲಿ ತೆಳುವಾದ ಮರದ ಹಾಳೆಗಳನ್ನು ನೆನೆಸಿ, ಮೂರು ಬಗೆಯ ಬೂದು ತೆಗೆದರು: ಒಡಲಿಗೆ ಗಾಢ, ಮೇಲ್ಕಟ್ಟಡಕ್ಕೆ ತಿಳಿ, ಕೊಳವೆಗೆ ನಡುವಿನದು. ಮರಳಿಗೆ ಹಲಸು, ನೆರಳಿಗೆ ಕರಿಮರ, ಸಮುದ್ರವೆಲ್ಲ ಬೀಟೆಯದೇ ನರಗಳು. ಅಲೆಗಾಗಿ ಒಂದು ಗೆರೆಯನ್ನೂ ಕೊರೆದಿಲ್ಲ. ಮರದ ನರವನ್ನೇ ಅಲೆಯಾಗುವಂತೆ ಅಡ್ಡ ಇಟ್ಟಿದ್ದಾರೆ. ಡೆರಿಕ್‌ನ ಹಗ್ಗಗಳು ಕೂದಲೆಳೆಯಷ್ಟು ಸಪೂರ. ಕೈಯಾಡಿಸಿದರೆ ಒಂದು ಜೋಡಣೆಯೂ ತಾಗುವುದಿಲ್ಲ. ಅರಮನೆಯ ಬಾಗಿಲುಗಳಲ್ಲಿರುವಂತೆ ಹಿಂದೆ ಬಿಳುಪಿಗೆ ದಂತ ಕೂರಿಸುತ್ತಿದ್ದರು. ಈಗ ಅದು ಕಾನೂನಿಗೆ ವಿರುದ್ಧ, ಕೆಲವರು ಪ್ಲಾಸ್ಟಿಕ್ ತುರುಕುತ್ತಾರೆ. ಇವರು ಬಿಳಿಯ ಮರವನ್ನೇ ಬಳಸಿದ್ದಾರೆ.

ಹೆಸರಿನ ವಿಚಾರದಲ್ಲಿ ನಾನು ಕೇಳದೇ ಇದ್ದದ್ದನ್ನೂ ಮಾಡಿದ್ದಾರೆ. ಹಡಗಿನ ಹೆಸರು ಬದಲಾದರೂ, ಹಳೆಯ ಅಕ್ಷರಗಳ ಗುರುತು ಹೊಸ ಬಣ್ಣದ ಕೆಳಗೆ ಕಾಣುವುದುಂಟು ಎಂದು ಮಾತಿನ ನಡುವೆ ಅಂದಿದ್ದೆ. ಮೂತಿಯ ಬದಿಯಲ್ಲಿ ತಿಳಿ ಮರದಲ್ಲಿ ‘ಎಂಪೈರ್ ಕುಮಾರಿ’ ಎಂದು ಕನ್ನಡದಲ್ಲಿ ಕೂರಿಸಿ, ಅದರ ಕೆಳಗೆ ಒಡಲಿನ ಬಣ್ಣದ್ದೇ ಮರದಲ್ಲಿ, ನರ ಮಾತ್ರ ಅಡ್ಡ ತಿರುಗಿಸಿ, ‘ಸ್ಟುರ್ಮ್‌ಫೆಲ್ಸ್’ ಎಂದು ಸೇರಿಸಿದ್ದಾರೆ. ಎದುರು ನಿಂತರೆ ಕಾಣುವುದಿಲ್ಲ. ಸಂಜೆ ಪಶ್ಚಿಮದ ಕಿಟಕಿಯಿಂದ ಓರೆ ಬೆಳಕು ಬಿದ್ದಾಗ ಓದಬಹುದು.

ಕುಮಾರಿಯ ಗತಿ ಏನಾಯಿತೆಂದು ಫಲಕ ಒಯ್ಯುವ ದಿನ ಉಸ್ತಾದರು ಕೇಳಿದರು. ಸೆರೆಯಾಗಿ ಒಂದು ವರ್ಷ ಒಂದು ದಿನಕ್ಕೆ, 1942ರ ಆಗಸ್ಟ್ 26ರಂದು, ಪೋರ್ಟ್ ಸೈದ್‌ನಿಂದಾಚೆ ಅದಕ್ಕೆ ಟಾರ್ಪಿಡೊ ಹೊಡೆಯಿತು. ಹೊಡೆದದ್ದು ಜರ್ಮನ್ನರದೇ ಜಲಾಂತರ್ಗಾಮಿ, ಯು-375. ಎಳೆದು ಹೈಫಾಕ್ಕೆ ತಂದರು, ಮತ್ತೆ ಓಡಲಿಲ್ಲ. ಹೈಫಾ ಎಂದ ಕೂಡಲೇ ಉಸ್ತಾದರ ಮುಖ ಅರಳಿತು. 1918ರ ಸೆಪ್ಟೆಂಬರಿನಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಗಳು ಜೋಧಪುರದವರ ಜೊತೆ ನುಗ್ಗಿದ ಊರು ಅವರಿಗೂ ಗೊತ್ತಿತ್ತು. “ಕುದುರೆ ಹಾಕೋಣವೇ ಸಾರ್, ಮೂಲೆಯಲ್ಲಿ ಜಾಗವಿದೆ,” ಎಂದರು. ಬೇಡವೆಂದು ಕೈಮುಗಿದೆ. ದಸರೆಗೆ ಎಂದ ಫಲಕ ದೀಪಾವಳಿ ಕಳೆದು ಹನ್ನೆರಡು ದಿನಕ್ಕೆ ಸಿಕ್ಕಿತ್ತು. ಕುದುರೆ ಹಾಕಿಸಿದ್ದರೆ ಯುಗಾದಿಯಾಗುತ್ತಿತ್ತು.

ಕೊಳ್ಳುವವರಿಗೆ ಎರಡು ಮಾತು. ನಕ್ಷೆಯನ್ನು ನೀವೇ ಒಯ್ಯಿರಿ, ಮರಕ್ಕೆ ಗರಗಸ ತಾಗುವ ಮೊದಲು ಹೋಗಿ ನೋಡಿರಿ. ಹಿಂದಿನ ಕೊಕ್ಕೆಯನ್ನು ಅಲ್ಲೇ ಎಳೆದು ಪರೀಕ್ಷಿಸಿರಿ. ಆರು ಕಿಲೋ ತೂಕದ ಫಲಕಕ್ಕೆ ಅವರು ಹಾಕಿದ್ದು ಕ್ಯಾಲೆಂಡರಿಗೆ ಹಾಕುವಂಥ ಎರಡು ತಗಡಿನ ಕೊಕ್ಕೆ. ನಾಲ್ಕನೆಯ ದಿನ ಒಂದು ಬಿಟ್ಟುಕೊಂಡು ಹಡಗು ಎಡಕ್ಕೆ ವಾಲಿತು, ಅಡುಗೆಮನೆಯಿಂದ ಬಂದ ನನ್ನ ಹೆಂಡತಿ, “ಮತ್ತೆ ಟಾರ್ಪಿಡೊ ಬಿತ್ತೇ?” ಎಂದಳು. ಫೋನ್ ಮಾಡಿದೆ, ಹುಡುಗನನ್ನು ಕಳಿಸುತ್ತೇವೆ ಎಂದರು. ಮೂರು ವಾರವಾಯಿತು. ಫಲಕ ಸದ್ಯ ಟೀಪಾಯಿಯ ಮೇಲೆ ಗೋಡೆಗೆ ಒರಗಿ ನಿಂತಿದೆ.